ಮನೆಯ ಬಾಗಿಲಿನಿಂದ ಹಿಮ್ಮುಖ ಲೆಕ್ಕ: ಪ್ರವಾಸ ಮುಗಿಸಿ ವಿಮಾನದಲ್ಲಿ ಮರಳುವ ದಕ್ಷಿಣ ಬೆಂಗಳೂರಿನ ದಂಪತಿಗಳಿಗೆ

ದಂಪತಿಗಳು ಪ್ರವಾಸಕ್ಕೆ ಹೊರಡುವ ಮುನ್ನ ಹೋಗುವ ಊರು, ಉಳಿಯುವ ಹೋಟೆಲು, ನೋಡುವ ಸ್ಥಳಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರಾದರೂ, ಮರಳುವ ದಿನವನ್ನು ಮಾತ್ರ ಟಿಕೆಟ್ಟಿನಲ್ಲಿ ಅಚ್ಚಾಗಿರುವ ಸಮಯಕ್ಕೆ ಒಪ್ಪಿಸಿ ಸುಮ್ಮನಾಗುವುದು ವಾಡಿಕೆ. ವಿಮಾನ ಏರಿ ಇಳಿಯುವಷ್ಟು ಹೊತ್ತೇ ಮರುಪ್ರಯಾಣವೆಂಬ ಗ್ರಹಿಕೆ ಇದಕ್ಕೆ ಕಾರಣ. ವಾಸ್ತವದಲ್ಲಿ ಅದು ಪ್ರವಾಸತಾಣದ ಹೋಟೆಲಿನ ಕೊಠಡಿ ತೆರವು ಮಾಡುವಲ್ಲಿ ಆರಂಭವಾಗಿ ಮನೆಯ ಬೀಗ ತೆಗೆಯುವಲ್ಲಿ ಮುಗಿಯುತ್ತದೆ. ನಡುವಿನ ವಿಮಾನಯಾನವು ಅನೇಕ ಸಲ ಇಡೀ ಪಯಣದ ಮೂರನೆಯ ಒಂದು ಪಾಲೂ ಆಗಿರುವುದಿಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳ ನಿವಾಸಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ನಗರದ ವಿಮಾನ ಸಂಚಾರವೆಲ್ಲ ಎಚ್‌ಎಎಲ್ ನಿಲ್ದಾಣದಿಂದ ನಡೆಯುತ್ತಿದ್ದ ಕಾಲದಲ್ಲಿ ಈ ಬಡಾವಣೆಗಳಿಗೆ ಮನೆಯ ದಾರಿ ಹತ್ತು-ಹದಿನೈದು ಕಿಲೋಮೀಟರಿನ ಆಸುಪಾಸಿನದಾಗಿತ್ತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಆ ದಾರಿ 40 ಕಿಲೋಮೀಟರಿಗೂ ಹೆಚ್ಚಾಯಿತು. 2013ರಲ್ಲಿ ಕೆಂಪೇಗೌಡರ ಹೆಸರು ಪಡೆದ ಈ ನಿಲ್ದಾಣವು ನಗರದ ಉತ್ತರದ ಅಂಚಿನಲ್ಲಿದ್ದರೆ, ಮೇಲಿನ ನಾಲ್ಕೂ ಬಡಾವಣೆಗಳು ದಕ್ಷಿಣದಲ್ಲಿವೆ. ಆದುದರಿಂದ ಮರುಪ್ರಯಾಣದ ಯೋಜನೆಯು ವಿಮಾನದ ವೇಳಾಪಟ್ಟಿಯಿಂದಲ್ಲ, ಮನೆಯ ಬಾಗಿಲಿನಿಂದ ಹಿಮ್ಮುಖವಾಗಿ ಆರಂಭವಾಗಬೇಕು ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಟಿಕೆಟ್ ಕಾಯ್ದಿರಿಸುವ ಮುನ್ನ

ಹಿಮ್ಮುಖ ಲೆಕ್ಕವೆಂದರೆ ಮನೆಗೆ ಎಷ್ಟು ಹೊತ್ತಿಗೆ ತಲುಪಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅದರಿಂದ ಒಂದೊಂದೇ ಹಂತದ ಸಮಯವನ್ನು ಕಳೆಯುತ್ತ ಹೋಗುವುದು. ಉದಾಹರಣೆಗೆ, ಭಾನುವಾರ ಸಂಜೆ 6 ಗಂಟೆಗೆ ಇಳಿಯುವ ವಿಮಾನವು ನೋಡಲು ಅನುಕೂಲಕರವಾಗಿ ಕಂಡರೂ, ಲಗೇಜು ಪಡೆದು ಹೊರಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ನಂದಿಬೆಟ್ಟದ ಕಡೆಗೆ ವಿಹಾರಕ್ಕೆ ಹೋದವರ ವಾಹನಗಳೂ ಅದೇ ಬಳ್ಳಾರಿ ರಸ್ತೆಯಲ್ಲಿ ನಗರಕ್ಕೆ ಮರಳುತ್ತಿರುತ್ತವೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ದಟ್ಟಣೆ ಏರಿರುತ್ತದೆ. ಹೀಗಾಗಿ ಬನಶಂಕರಿ ಸೇರುವಾಗ ರಾತ್ರಿ 9 ಆಗುವುದು ಅಸಹಜವಲ್ಲ. ರಾತ್ರಿ 9.30ಕ್ಕೆ ಇಳಿದವರು 10.15ರ ಹೊತ್ತಿಗೆ ಟ್ಯಾಕ್ಸಿ ಏರಿ, ದಟ್ಟಣೆ ಇಳಿದ ರಸ್ತೆಯಲ್ಲಿ ಒಂದೂಕಾಲು ಗಂಟೆಯೊಳಗೆ ಮನೆ ಸೇರಬಲ್ಲರು. ಮುಂಜಾನೆ 6ರ ಮುಂಚೆ ಇಳಿಯುವ ವಿಮಾನವೂ ಕಚೇರಿಯ ದಟ್ಟಣೆ ಆರಂಭವಾಗುವ ಮೊದಲೇ ಮನೆ ಮುಟ್ಟಿಸುತ್ತದೆ. ಆದರೆ ಡಿಸೆಂಬರ್ ಮತ್ತು ಜನವರಿಯಲ್ಲಿ ದೇವನಹಳ್ಳಿಯ ಸುತ್ತ ಬೆಳಗಿನ ಜಾವ ಮಂಜು ಕವಿಯುವುದರಿಂದ ಆ ತಿಂಗಳುಗಳಲ್ಲಿ ಈ ಆಯ್ಕೆಯನ್ನು ಎಚ್ಚರಿಕೆಯಿಂದ ಮಾಡಬೇಕು.

ಸೋಮವಾರ ಕಚೇರಿಗೆ ಹಾಜರಾಗಬೇಕಾದವರು ಶನಿವಾರವೇ ಮರಳುವುದು ಒಳಿತು. ಪ್ರವಾಸದ ಒಂದು ದಿನ ಕಡಿಮೆಯಾಯಿತೆಂದು ತೋರಿದರೂ, ವಿಮಾನ ತಡವಾದರೆ ಆಸರೆಯಾಗುವ ದಿನವೊಂದು ಕೈಯಲ್ಲಿ ಉಳಿಯುತ್ತದೆ. ಎರಡು ವಿಮಾನಗಳಲ್ಲಿ ಮರಳುವುದಾದರೆ ಇಬ್ಬರ ಎಲ್ಲ ಹಂತಗಳೂ ಒಂದೇ ಪಿಎನ್‌ಆರ್, ಅಂದರೆ ವಿಮಾನ ಸಂಸ್ಥೆಯು ಒಂದು ಕಾಯ್ದಿರಿಸುವಿಕೆಗೆ ನೀಡುವ ಆರು ಅಕ್ಷರ-ಅಂಕಿಗಳ ಸಂಕೇತದಡಿ ಇರುವಂತೆ ನೋಡಿಕೊಳ್ಳಬೇಕು. ಬೇರೆ ಬೇರೆ ಟಿಕೆಟ್ ಪಡೆದಾಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಎರಡನೆಯ ಸಂಸ್ಥೆಗೆ ಹೊಣೆಯಿರುವುದಿಲ್ಲ. ವಿದೇಶದಿಂದ ಮರಳುವವರು ದೆಹಲಿ ಅಥವಾ ಮುಂಬೈ ಮೂಲಕ ಬಂದರೆ, ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಿ, ಲಗೇಜು ಪಡೆದು, ಸುಂಕದ ವಿಭಾಗ ದಾಟಿ, ಮತ್ತೆ ದೇಶೀಯ ವಿಮಾನಕ್ಕೆ ಒಪ್ಪಿಸಬೇಕಾಗುವುದು ಸಾಮಾನ್ಯ ಕ್ರಮವಾದ್ದರಿಂದ, ಬೆಂಗಳೂರಿಗೆ ನೇರ ವಿಮಾನವಿದ್ದರೆ ತುಸು ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ.

ಹೊರಡುವ ಊರಿನ ಸ್ವಭಾವ

ಮರುಪ್ರಯಾಣದ ಮೊದಲ ಹಂತವು ಪ್ರವಾಸತಾಣದ ಭೂಗುಣವನ್ನು ಅವಲಂಬಿಸಿದೆ. ಸಿಕ್ಕಿಂ ಅಥವಾ ಡಾರ್ಜಿಲಿಂಗ್‌ನಿಂದ ಬಾಗ್ಡೋಗ್ರಾ ನಿಲ್ದಾಣಕ್ಕೆ ಬೆಟ್ಟ ಇಳಿದು ಬರುವವರು ಮಳೆಗಾಲದ ಭೂಕುಸಿತವನ್ನು ಲೆಕ್ಕಕ್ಕೆ ಹಿಡಿದು, ವಿಮಾನದ ಹಿಂದಿನ ರಾತ್ರಿಯನ್ನು ಬಯಲಿನ ಸಿಲಿಗುರಿಯಲ್ಲೇ ಕಳೆಯುವುದು ಕ್ಷೇಮ. ಶ್ರೀನಗರದ ನಿಲ್ದಾಣದಲ್ಲಿ ಆವರಣ ಪ್ರವೇಶಿಸುವಲ್ಲಿಂದಲೇ ಭದ್ರತಾ ತಪಾಸಣೆ ಹಲವು ಸುತ್ತು ನಡೆಯುವುದರಿಂದ ಅಲ್ಲಿಗೆ ಮೂರು ಗಂಟೆ ಮೊದಲೇ ತಲುಪುವುದು ಅವಶ್ಯಕ.

ಅಂಡಮಾನ್ ಮತ್ತು ಮಾಲ್ಡೀವ್ಸ್‌ನ ಪ್ರವಾಸಿಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್‌ನಲ್ಲಿ ನೀರಿನ ಒತ್ತಡದಿಂದ ಸಾರಜನಕವು ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿ ಸೇರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮುನ್ನವೇ ವಿಮಾನ ಏರಿದರೆ, ಕ್ಯಾಬಿನ್ನಿನ ಕಡಿಮೆ ಒತ್ತಡದಲ್ಲಿ ಅದೇ ಅನಿಲ ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ಪ್ರಾಣಾಪಾಯದವರೆಗೆ ತೊಂದರೆ ಕೊಡಬಲ್ಲದು. ಒಂದೇ ಸಲ ಇಳಿದವರು ಕನಿಷ್ಠ 12 ಗಂಟೆ, ಹಲವು ಸಲ ಇಳಿದವರು ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಏರಬೇಕೆಂಬುದು ಡೈವಿಂಗ್ ಸುರಕ್ಷತೆಯ ಅಂಗೀಕೃತ ಸೂತ್ರ. ಪೂರ್ತಿ ಒಂದು ದಿನ ಬಿಡುವುದು ಇನ್ನೂ ಒಳ್ಳೆಯದು. ಸ್ವರಾಜ್ ದ್ವೀಪದಲ್ಲಿ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನಲ್ಲಿ, ಕೊನೆಯ ದಿನಕ್ಕೆಂದು ಡೈವಿಂಗನ್ನು ಉಳಿಸಿಕೊಳ್ಳದೆ ಮೊದಲ ದಿನಗಳಲ್ಲೇ ಮುಗಿಸುವುದು ಇದರಿಂದ ಅನಿವಾರ್ಯವಾಗುತ್ತದೆ.

ಹೆಸರು, ಗುರುತು, ಕೆಲಸದ ಹಂಚಿಕೆ

ಟಿಕೆಟ್ಟಿನಲ್ಲಿರುವ ಹೆಸರು ಗುರುತಿನ ದಾಖಲೆಯಲ್ಲಿರುವ ಹೆಸರಿಗೆ ಹೊಂದಿರಬೇಕು. ಕನ್ನಡಿಗರ ಹೆಸರುಗಳಲ್ಲಿ ಊರು ಮತ್ತು ತಂದೆಯ ಹೆಸರನ್ನು ಸೂಚಿಸುವ ಇನಿಷಿಯಲ್‌ಗಳು ಆಧಾರ್ ಕಾರ್ಡಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ಇನ್ನೊಂದು ರೀತಿ ಇರುವುದು ಸಾಮಾನ್ಯವಾದ್ದರಿಂದ, ವಿದೇಶಯಾನದ ಟಿಕೆಟ್ಟನ್ನು ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡೇ ಕಾಯ್ದಿರಿಸಬೇಕು. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಗಂಡನ ಹೆಸರನ್ನು ಸೇರಿಸಿಕೊಳ್ಳುವ ಉದ್ದೇಶ ಹೊಂದಿದ್ದರೂ, ಪಾಸ್‌ಪೋರ್ಟಿನಲ್ಲಿ ಬದಲಾವಣೆ ಆಗುವವರೆಗೆ ಹಳೆಯ ಹೆಸರೇ ಟಿಕೆಟ್ಟಿನಲ್ಲಿರಬೇಕು.

ವೆಬ್ ಚೆಕ್-ಇನ್, ಅಂದರೆ ಮನೆಯಿಂದಲೋ ಹೋಟೆಲಿನಿಂದಲೋ ಮೊಬೈಲಿನಲ್ಲೇ ಹಾಜರಿ ಹಾಕಿ ಬೋರ್ಡಿಂಗ್ ಪಾಸ್ ಪಡೆಯುವ ವ್ಯವಸ್ಥೆಯನ್ನು ತೆರೆದ ಕೂಡಲೇ ಬಳಸಿದರೆ ಇಬ್ಬರಿಗೂ ಅಕ್ಕಪಕ್ಕದ ಸೀಟು ದೊರೆಯುವ ಸಾಧ್ಯತೆ ಹೆಚ್ಚು. ಇಬ್ಬರ ಪಾಸೂ ಇಬ್ಬರ ಮೊಬೈಲಿನಲ್ಲೂ ಇರಬೇಕು. ಹಣ ಮತ್ತು ಕಾರ್ಡುಗಳು ಒಂದೇ ಪರ್ಸಿನಲ್ಲಿರಬಾರದು. ಒಬ್ಬರು ಕಾಗದಪತ್ರಗಳನ್ನು, ಇನ್ನೊಬ್ಬರು ಲಗೇಜು ಮತ್ತು ವಾಹನದ ವ್ಯವಸ್ಥೆಯನ್ನು ನೋಡಿಕೊಳ್ಳುವುದೆಂದು ಹಿಂದಿನ ರಾತ್ರಿಯೇ ಹಂಚಿಕೊಂಡರೆ, ದಣಿದ ಮೈಯಲ್ಲಿ ಸಾಲಿನ ನಡುವೆ ಹುಟ್ಟುವ ಅನೇಕ ಸಣ್ಣ ಜಗಳಗಳು ಹುಟ್ಟುವುದೇ ಇಲ್ಲ.

ಸಾಮಾನು ಕಟ್ಟುವ ಕ್ರಮ

ದೇಶೀಯ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಹೆಚ್ಚಿನ ಸಂಸ್ಥೆಗಳು ಒಬ್ಬರಿಗೆ 15 ಕಿಲೋ ಚೆಕ್-ಇನ್ ಲಗೇಜು ಮತ್ತು 7 ಕಿಲೋ ಕೈಚೀಲಕ್ಕೆ ಅವಕಾಶ ನೀಡುತ್ತವೆ. ಹೋಗುವಾಗ 13 ಕಿಲೋ ಇದ್ದ ಪೆಟ್ಟಿಗೆ ಬರುವಾಗ ಶಾಲು, ಮಸಾಲೆ, ಉಡುಗೊರೆಗಳಿಂದ 17 ಆಗುವುದು ಸಹಜ. ಕೈಯಲ್ಲಿ ಹಿಡಿದು ತೂಗುವ ಪುಟ್ಟ ತಕ್ಕಡಿಯೊಂದು ಜೊತೆಯಲ್ಲಿದ್ದರೆ ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚುವ ಮುಜುಗರ ತಪ್ಪುತ್ತದೆ. ಒಂದೇ ಪಿಎನ್‌ಆರ್‌ನಲ್ಲಿರುವವರ ತೂಕವನ್ನು ಅನೇಕ ಸಂಸ್ಥೆಗಳು ಒಟ್ಟಾಗಿ ಪರಿಗಣಿಸುತ್ತವೆ.

ದಂಪತಿಗಳು ಸಾಮಾನ್ಯವಾಗಿ ಗಂಡನಿಗೊಂದು, ಹೆಂಡತಿಗೊಂದು ಎಂದು ಪೆಟ್ಟಿಗೆಗಳನ್ನು ಬೇರ್ಪಡಿಸುತ್ತಾರೆ. ಇದಕ್ಕೆ ಬದಲಾಗಿ ಇಬ್ಬರ ಬಟ್ಟೆಗಳನ್ನೂ ಎರಡೂ ಪೆಟ್ಟಿಗೆಗಳಲ್ಲಿ ಹಂಚಿ ಇಟ್ಟರೆ, ಒಂದು ಪೆಟ್ಟಿಗೆ ಬಾರದೆ ಹೋದರೂ ಒಬ್ಬರು ಪೂರ್ತಿ ಬರಿಗೈಯಾಗುವುದಿಲ್ಲ. ಒಡವೆ, ಔಷಧಿ, ಮನೆಯ ಬೀಗದ ಕೈ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರತಕ್ಕದ್ದು.

ಪವರ್ ಬ್ಯಾಂಕನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಲೇಬಾರದು, ಏಕೆಂದರೆ ಅದರ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸಾಮಾನು ತುಂಬುವ ಒಡಲಿನಲ್ಲಿ ಅದನ್ನು ಕೂಡಲೇ ನಂದಿಸುವವರು ಇರುವುದಿಲ್ಲ. ಅದರ ಸಾಮರ್ಥ್ಯವನ್ನು ವ್ಯಾಟ್-ಅವರ್ ಎಂಬ ಮಾನದಿಂದ ಅಳೆಯುತ್ತಾರೆ; 20,000 ಎಂಎಎಚ್ ಎಂದು ಬರೆದಿರುವ ಸಾಧಾರಣ ಪವರ್ ಬ್ಯಾಂಕು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ, ಅನುಮತಿಯಿಲ್ಲದೆ ಒಯ್ಯಬಹುದಾದ 100ರ ಮಿತಿಯೊಳಗೇ ಇರುತ್ತದೆ. ತಿಪಟೂರಿನ ಕೊಬ್ಬರಿಯನ್ನು ಅಡುಗೆಮನೆಯ ಸಾಧು ಪದಾರ್ಥವೆಂದೇ ಬಲ್ಲ ಕನ್ನಡಿಗರಿಗೆ ಅಚ್ಚರಿಯೆನಿಸಬಹುದಾದರೂ, ಎಣ್ಣೆಯ ಅಂಶ ಹೆಚ್ಚಿರುವ ಒಣ ಕೊಬ್ಬರಿಯು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ; ಆದ್ದರಿಂದ ಕೇರಳದಿಂದಲೋ ಗೋವಾದಿಂದಲೋ ಇಡೀ ಒಣ ಕೊಬ್ಬರಿ ತರುವ ಆಸೆಯನ್ನು ಬಿಡಬೇಕು. ಉಪ್ಪಿನಕಾಯಿ, ತುಪ್ಪ, ಜೇನುತುಪ್ಪಗಳನ್ನು ಬಿಗಿಯಾಗಿ ಕಟ್ಟಿ ಚೆಕ್-ಇನ್ ಪೆಟ್ಟಿಗೆಗೆ ಸೇರಿಸುವುದೇ ಸರಿ. ಅಂಡಮಾನಿನ ತೀರದಲ್ಲಿ ಸಿಕ್ಕ ಹವಳದ ತುಂಡನ್ನು ನೆನಪಿಗೆಂದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆಂಬುದನ್ನು ಮರೆಯಬಾರದು.

ವಿಮಾನ ತಡವಾದರೆ, ರದ್ದಾದರೆ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿಜಿಸಿಎ, ಪ್ರಯಾಣಿಕರಿಗೆ ಸಲ್ಲಬೇಕಾದ ಸೌಲಭ್ಯಗಳನ್ನು ನಿಯಮಗಳ ಮೂಲಕ ನಿಗದಿಪಡಿಸಿದೆ. ಈ ನಿಯಮಗಳಲ್ಲಿ ಬರುವ ‘ಬ್ಲಾಕ್ ಅವಧಿ’ ಎಂಬ ಪದವು ವಿಮಾನವು ನಿಂತ ಜಾಗದಿಂದ ಕದಲಿದಾಗಿನಿಂದ ತಲುಪಿದ ಊರಿನಲ್ಲಿ ನಿಲ್ಲುವವರೆಗಿನ ಕಾಲವನ್ನು ಸೂಚಿಸುತ್ತದೆ. ಎರಡೂವರೆ ಗಂಟೆಯವರೆಗಿನ ಬ್ಲಾಕ್ ಅವಧಿಯ ವಿಮಾನವು 2 ಗಂಟೆ, ಎರಡೂವರೆಯಿಂದ 5 ಗಂಟೆಯದು 3 ಗಂಟೆ, ಉಳಿದವು 4 ಗಂಟೆ ತಡವಾಗುವುದಾದರೆ, ಸಕಾಲಕ್ಕೆ ಹಾಜರಾದ ಪ್ರಯಾಣಿಕರಿಗೆ ಊಟ-ಉಪಾಹಾರವನ್ನು ಸಂಸ್ಥೆಯೇ ಒದಗಿಸಬೇಕು. ದೇಶೀಯ ವಿಮಾನವು 6 ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸು ಪಡೆಯುವ ಆಯ್ಕೆ ಪ್ರಯಾಣಿಕರದು. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದ ವಿಮಾನಕ್ಕೆ ಅಷ್ಟು ತಡವಾದರೆ, ಅಥವಾ ಯಾವುದೇ ವಿಮಾನ 24 ಗಂಟೆಗೂ ಮೀರಿ ತಡವಾದರೆ, ಹೋಟೆಲಿನ ವ್ಯವಸ್ಥೆಯೂ ಸಂಸ್ಥೆಯ ಹೊಣೆ.

ನಿಯಮದಂತೆ ಮುನ್ಸೂಚನೆ ನೀಡದೆ ವಿಮಾನ ರದ್ದುಪಡಿಸಿದಾಗ, ಬ್ಲಾಕ್ ಅವಧಿ 1 ಗಂಟೆಯವರೆಗೆ ಇದ್ದರೆ 5,000 ರೂಪಾಯಿ, 2 ಗಂಟೆಯವರೆಗೆ 7,500, ಅದಕ್ಕೂ ಮೀರಿದರೆ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದು ಪರಿಹಾರವಾಗಿ ಸಲ್ಲುತ್ತದೆ. ಹವಾಮಾನ, ಭದ್ರತೆ ಮುಂತಾದ ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಈ ಪರಿಹಾರ ಅನ್ವಯಿಸುವುದಿಲ್ಲ. ಪರಿಹಾರವು ತಲಾ ಒಬ್ಬರಿಗೆ ಸಲ್ಲತಕ್ಕದ್ದಾದ್ದರಿಂದ ದಂಪತಿಗಳು ಇಬ್ಬರ ಹೆಸರಿನಲ್ಲೂ ಕೇಳಬೇಕು. ಸಂಸ್ಥೆ ಸ್ಪಂದಿಸದಿದ್ದರೆ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಆಕಾಶದಲ್ಲಿ

ಹಾರಾಟದ ಹೊತ್ತಿನಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರುತ್ತದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಏರಿ, ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ಸಣ್ಣ ನಾಳ ತೆರೆದುಕೊಳ್ಳದಿದ್ದರೆ ಕಿವಿ ಮುಚ್ಚಿದಂತಾಗಿ ನೋಯುತ್ತದೆ. ಉಗುಳು ನುಂಗುವುದು, ಆಕಳಿಸುವುದು, ಪೆಪ್ಪರಮಿಂಟು ಚೀಪುವುದು ಆ ನಾಳವನ್ನು ತೆರೆಸುವ ಸುಲಭ ಉಪಾಯಗಳು. ಇಳಿಯುವ ಹೊತ್ತಿಗೆ ನಿದ್ದೆಯಲ್ಲಿರುವ ಸಂಗಾತಿಯನ್ನು ಎಬ್ಬಿಸುವುದು ಈ ಕಾರಣಕ್ಕಾಗಿ ಉಪಕಾರವೇ ಆಗುತ್ತದೆ. ನಾಲ್ಕು ಗಂಟೆಗೂ ಮೀರಿದ ಪಯಣದಲ್ಲಿ ಆಗಾಗ ಎದ್ದು ಓಡಾಡುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ.

ದೇವನಹಳ್ಳಿಯಲ್ಲಿ ಇಳಿದ ಮೇಲೆ

ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ. 2022ರ ನವೆಂಬರ್ 11ರಂದು ಉದ್ಘಾಟನೆಗೊಂಡ ಎರಡನೆಯ ಟರ್ಮಿನಲ್‌ಗೆ 2023ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಸಂಚಾರ ಸ್ಥಳಾಂತರಗೊಂಡಿತು. ಕೆಲವು ದೇಶೀಯ ವಿಮಾನಗಳೂ ಅಲ್ಲಿಂದಲೇ ಸಂಚರಿಸುತ್ತವೆ. ಕರೆದೊಯ್ಯಲು ಬರುವ ಬಂಧುಗಳಿಗೂ ಟ್ಯಾಕ್ಸಿ ಚಾಲಕರಿಗೂ ಟರ್ಮಿನಲ್ ಸಂಖ್ಯೆಯನ್ನು ಮೊದಲೇ ತಿಳಿಸದಿದ್ದರೆ, ಎರಡು ಕಟ್ಟಡಗಳ ನಡುವೆ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಬೆಲ್ಟಿನ ಮೇಲೆ ಪೆಟ್ಟಿಗೆ ಬಾರದಿದ್ದರೆ ಅಥವಾ ಒಡೆದು ಬಂದಿದ್ದರೆ, ಹೊರಗೆ ಹೋಗುವ ಮುನ್ನವೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಪಿಐಆರ್ ಎಂಬ ಲಿಖಿತ ವರದಿಯನ್ನು ಬರೆಸಿ ಅದರ ಪ್ರತಿಯನ್ನು ಪಡೆಯಬೇಕು. ಬೋರ್ಡಿಂಗ್ ಪಾಸಿಗೆ ಅಂಟಿಸಿರುವ ಲಗೇಜಿನ ಚೀಟಿಯೇ ಇಲ್ಲಿ ಪುರಾವೆಯಾದ್ದರಿಂದ ಅದನ್ನು ಮನೆ ಸೇರುವವರೆಗೆ ಬಿಸಾಡಬಾರದು. ಸಾಮಾನಿಗೆ ಹಾನಿಯಾಗಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ದೇಶೀಯ ಪ್ರಯಾಣದಲ್ಲಿ ಸಂಸ್ಥೆಯ ಹೊಣೆಗೆ ತಲಾ 20,000 ರೂಪಾಯಿಗಳ ಮಿತಿಯಿದೆ; ಲಗೇಜಿನಲ್ಲಿ ಒಡವೆ ಇಡಬಾರದೆಂಬ ಮಾತಿನ ತಿರುಳು ಈ ಮಿತಿಯಲ್ಲೇ ಅಡಗಿದೆ.

ವಿದೇಶದಿಂದ ಮರಳುವ ನವದಂಪತಿಗಳ ಮೈಮೇಲಿನ ಒಡವೆಗಳ ಬಗ್ಗೆ ಸುಂಕದ ಅಧಿಕಾರಿಗಳು ಪ್ರಶ್ನಿಸಬಹುದು. ಮದುವೆಯ ಬೆಲೆಬಾಳುವ ಒಡವೆಗಳನ್ನು ಧರಿಸಿಯೇ ಹೋಗುವುದಾದರೆ, ಹೊರಡುವ ದಿನ ನಿಲ್ದಾಣದ ಸುಂಕ ವಿಭಾಗದಲ್ಲಿ ಅವನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ಇವು ಇಲ್ಲಿಂದಲೇ ಹೋದ ಒಡವೆಗಳೆಂಬುದಕ್ಕೆ ಮರಳುವಾಗ ಅದು ಸಾಕ್ಷಿಯಾಗುತ್ತದೆ. ಎಲ್ಲಕ್ಕಿಂತ ಸುಲಭವಾದುದೆಂದರೆ ಕರಿಮಣಿಯೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಮನೆಯಲ್ಲೇ ಅಥವಾ ಲಾಕರಿನಲ್ಲಿ ಇಟ್ಟು ಹೋಗುವುದು.

ಕೊನೆಯ 40 ಕಿಲೋಮೀಟರು

ಮನೆಯ ದಾರಿಗೆ ಮೂರು ಉಪಾಯಗಳಿವೆ. ಟ್ಯಾಕ್ಸಿಯು ಬಾಗಿಲವರೆಗೆ ಬರುತ್ತದೆ. ಸಾದಹಳ್ಳಿಯ ಟೋಲ್, ಯಲಹಂಕ, ಹೆಬ್ಬಾಳ ದಾಟಿದ ಮೇಲೆ ಮೇಖ್ರಿ ವೃತ್ತದ ಕಡೆಯಿಂದ ನಗರದ ನಡುವೆ ಹಾದು ಜಯನಗರ ಮತ್ತು ಬನಶಂಕರಿಗೆ, ಇಲ್ಲವೇ ಹೊರವರ್ತುಲ ರಸ್ತೆ ಹಿಡಿದು ರೇಷ್ಮೆ ಮಂಡಳಿ ಜಂಕ್ಷನ್ ಮೂಲಕ ಬಿಟಿಎಂಗೆ ಹೋಗುವುದು ರೂಢಿ. ಎರಡನೆಯದು ಬಿಎಂಟಿಸಿಯ ವಾಯುವಜ್ರ ಬಸ್ಸು. ಹವಾನಿಯಂತ್ರಿತವಾದ ಈ ಬಸ್ಸುಗಳಲ್ಲಿ ಪೆಟ್ಟಿಗೆ ಇಡಲು ಪ್ರತ್ಯೇಕ ಜಾಗವಿದ್ದು, ಬನಶಂಕರಿಯ ಕಡೆಗೂ, ರೇಷ್ಮೆ ಮಂಡಳಿಯ ಮೂಲಕ ಎಲೆಕ್ಟ್ರಾನಿಕ್ ಸಿಟಿಯ ಕಡೆಗೂ ಹೋಗುತ್ತವೆ. ಇಳಿದಲ್ಲಿಂದ ಮನೆಗೆ ಆಟೊ ಸಾಕಾಗುತ್ತದೆ. ಎರಡು ಪೆಟ್ಟಿಗೆಗಳಿಗಿಂತ ಹೆಚ್ಚಿಲ್ಲದ ದಂಪತಿಗೆ ಹಗಲಿನಲ್ಲಿ ಇದು ಮಿತವ್ಯಯದ ದಾರಿ.

ಮೂರನೆಯದು ಬಸ್ಸು ಮತ್ತು ಮೆಟ್ರೊಗಳ ಜೋಡಿ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಬಂದು ಹಸಿರು ಮಾರ್ಗ ಹಿಡಿದರೆ ಸೌತ್ ಎಂಡ್ ವೃತ್ತ, ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳು ಸಾಲಾಗಿ ಬರುತ್ತವೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸಾಗುವುದರಿಂದ, ರಾಗಿಗುಡ್ಡ ಮತ್ತು ಬಿಟಿಎಂ ಬಡಾವಣೆಯವರು ಅಲ್ಲಿ ರೈಲು ಬದಲಿಸಬಹುದು. ಮೆಟ್ರೊದಲ್ಲಿ ಲಗೇಜಿನ ಗಾತ್ರಕ್ಕೆ ಮಿತಿಯಿರುವುದನ್ನೂ, ರಾತ್ರಿ 11ರ ಆಸುಪಾಸಿಗೆ ಸಂಚಾರ ಮುಗಿಯುವುದನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ರೇಷ್ಮೆ ಮಂಡಳಿಯಿಂದ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಯೋಜಿಸಿರುವ ನೀಲಿ ಮಾರ್ಗ ಪೂರ್ತಿಯಾದಾಗ ಈ ಲೆಕ್ಕವೆಲ್ಲ ಬದಲಾಗಲಿದೆ.

ಬಾಗಿಲು ತೆರೆದ ಮೇಲೆ

ಒಂದು ವಾರ ಮುಚ್ಚಿದ್ದ ಮನೆಯಲ್ಲಿ ಮೊದಲು ಕಿಟಕಿ ತೆರೆದು, ಅನಿಲ ಸೋರಿಕೆಯ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ದೀಪದ ಸ್ವಿಚ್ಚು ಹಾಕಬೇಕು. ಹೊರಡುವಾಗಲೇ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದ್ದರೆ ಈ ಆತಂಕವಿರುವುದಿಲ್ಲ. ತಡರಾತ್ರಿ ಮನೆ ಸೇರುವವರು ಮರುದಿನ ಬೆಳಗಿನ ಕಾಫಿಗೆಂದು ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್ಟನ್ನು ತಂದಿರಿಸುವಂತೆ, ಬೀಗದ ಕೈ ಇಟ್ಟುಕೊಂಡಿರುವ ನೆರೆಮನೆಯವರಿಗೆ ಹೊರಡುವ ಮುನ್ನವೇ ಹೇಳಿಡಬಹುದು. ದಾರಿ ಕಾಯುವ ಹಿರಿಯರಿಗೆ ಇಳಿದ ಸುದ್ದಿಯನ್ನೂ ಮನೆ ಸೇರಿದ ಸುದ್ದಿಯನ್ನೂ ಪ್ರತ್ಯೇಕವಾಗಿ ತಿಳಿಸಬೇಕು, ಏಕೆಂದರೆ ದಕ್ಷಿಣ ಬೆಂಗಳೂರಿನ ಮಟ್ಟಿಗೆ ಇವೆರಡರ ನಡುವೆ ಎರಡು ಗಂಟೆಯ ಅಂತರವಿರುತ್ತದೆ.

ಇಲ್ಲಿ ಹೇಳಿದ ಎಚ್ಚರಿಕೆಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಟಿಕೆಟ್ ಕಾಯ್ದಿರಿಸುವ ದಿನ ಇಬ್ಬರೂ ಅರ್ಧ ಗಂಟೆ ಜೊತೆಗೆ ಕುಳಿತು ಮನೆಯ ಬಾಗಿಲಿನಿಂದ ಹಿಂದಕ್ಕೆ ಎಣಿಸಿದರೆ ಸಾಕು. ಮುಂದಿನ ಪ್ರವಾಸದ ಯೋಜನೆಯನ್ನು ದಂಪತಿಗಳು ಮರಳುವ ದಿನದಿಂದಲೇ ಆರಂಭಿಸಲಿ.